ಸತ್ತ ಕಾಲು, ಸತ್ತ ಇಂಜಿನ್ನು

ಎರಡು ಇಂಜಿನ್ ಇದ್ದರೆ ಒಂದು ಕೆಟ್ಟರೂ ಚಿಂತೆಯಿಲ್ಲ ಅಂತೀರಾ? ತಪ್ಪು ಕಣ್ರೀ! ಪುಟ್ಟ ವಿಮಾನದಲ್ಲಿ ಒಂದು ನಿಂತರೆ ಹೋಗೋದು ಅರ್ಧ ಶಕ್ತಿ, ಆದರೆ ಮೇಲೇರುವ ತಾಕತ್ತು ಶೇ. 80ರಷ್ಟು ಖಲಾಸ್. ವೇಗ ಕೆಂಪು ಗೆರೆಗಿಂತ ಇಳಿದರಂತೂ ರಡ್ಡರ್‌ಗೂ ಬಗ್ಗದೆ ಮಗುಚುತ್ತೆ.

ಕಲಿಸೋದು ಹೇಗೆ? 'ಯಾವ ಕಾಲು ಒತ್ತುತ್ತಿಲ್ಲವೋ ಆ ಕಡೆಯ ಇಂಜಿನ್ ಸತ್ತಿದೆ' ಅಂತ ಮಗ್ಗಿ ಥರ ಉರು ಹೊಡೆಸಿ, ಬೇಗ ಬೇಗ ಲಿವರ್ ಎಳೆಸೋದು. ನನ್ನ ತಕರಾರು ಈ 'ಬೇಗ'ದ ಮೇಲೆ. 2015ರಲ್ಲಿ ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ಪೈಲಟ್ (ದೊಡ್ಡ ವಿಮಾನ, ಒಪ್ಪಿದೆ) ಚೆನ್ನಾಗಿದ್ದ ಇಂಜಿನ್ನನ್ನೇ ಆರಿಸಿದ; 43 ಜನ ಸತ್ತರು. ನಾನೂ ರಾತ್ರಿ ಎರಡಕ್ಕೆ ನೆಟ್ಟಗಿದ್ದ ಸರ್ವರನ್ನೇ ಆಫ್ ಮಾಡಿದವನು, ಬಿಡಿ...

ಮೊದಲು ವೇಗ, ದಿಕ್ಕು. ಆಮೇಲೆ ಆ ಕಡೆಯ ಥ್ರಾಟಲ್ ನಿಧಾನಕ್ಕೆ ಎಳೆದು ನೋಡಿ, ಏನೂ ಬದಲಾಗದಿದ್ದರೆ ಮಾತ್ರ ಪ್ರೊಪೆಲ್ಲರ್ ಫೆದರ್ ಮಾಡಿ. ಪರೀಕ್ಷೆಯಲ್ಲಿ ಹಾಗೆ ತಡೆದು ನೋಡಿದವನಿಗೆ ಅಂಕ ಕೊಡಿ ಸ್ವಾಮೀ, ಕತ್ತರಿಸಬೇಡಿ!