ಪದ್ಮಿನಿಯ ಲೆಕ್ಕದ ಪುಸ್ತಕ

2009ರ ಬೇಸಿಗೆ. ಚಳ್ಳಕೆರೆಯ ನಮ್ಮ ಮನೆಯ ಮುಂದೆ, ಬೇವಿನ ಮರದ ನೆರಳಲ್ಲಿ ನಿಂತಿದ್ದ ಬಿಳಿಯ ಪ್ರೀಮಿಯರ್ ಪದ್ಮಿನಿ ಕಾರನ್ನು ನೋಡಲು ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಹಳೆಯ ಕಾರುಗಳನ್ನು ಕೊಂಡು ಜೋಪಾನವಾಗಿಡುವುದು ಅವರ ಹವ್ಯಾಸ. ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಬಾಗಿಲು, ಮಡ್‌ಗಾರ್ಡ್, ಡಿಕ್ಕಿಗೆಲ್ಲ ಹಚ್ಚಿ ನೋಡಿದರು. ಬಾನೆಟ್ ಎತ್ತಿ ಎಂಜಿನ್ ನಂಬರನ್ನು ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡಿದರು. ಕೊನೆಗೆ ಅಬ್ಬಾರನ್ನು ಕೇಳಿದರು:

"ಎಲ್ಲಾ ಒರಿಜಿನಲ್ ತಾನೇ ಸಾಹೇಬ್ರೆ? ಹೌದು ಅಂದ್ರೆ 60 ಸಾವಿರ ಕೊಡ್ತೀನಿ. ಇಲ್ಲಾಂದ್ರೆ 35ರ ಮೇಲೆ ಹೋಗೋದು ಕಷ್ಟ."

ಒಂದು ಮಾತಿಗೆ 25 ಸಾವಿರ ರೂಪಾಯಿಯ ವ್ಯತ್ಯಾಸ! ಮುಂದಿನ ತಿಂಗಳು ತಮ್ಮನ ಕಾಲೇಜು ಫೀಸು ಕಟ್ಟಬೇಕಿತ್ತು. ಅಬ್ಬಾರ ಕಣ್ಣು ಮಂಜಾಗಿ ಕಾರು ಓಡಿಸುವುದು ನಿಂತು ವರ್ಷವಾಗಿತ್ತು. ಅಬ್ಬಾ ಸುಮ್ಮನೆ ನಿಂತರು. ಬಾಗಿಲ ಪರದೆಯ ಹಿಂದಿನಿಂದ ಅಮ್ಮಿ, "ಒಂದು ನಿಮಿಷ ಇರೋಕೆ ಹೇಳಿ" ಎಂದು ಒಳಗೆ ಹೋದರು. ತಂದದ್ದು ಒಂದು ಉದ್ದನೆಯ ಲೆಕ್ಕದ ಪುಸ್ತಕ.

ಆ ಪುಸ್ತಕದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಕಾರಿನ ಹಿನ್ನೆಲೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಎಷ್ಟೋ ಮನೆಗಳ ಮದುವೆ ದಿಬ್ಬಣ, ಹೆರಿಗೆ, ಹಬ್ಬದ ಓಡಾಟಗಳೆಲ್ಲ ಈ ಪುಟ್ಟ ಕಾರಿನಲ್ಲೇ ನಡೆದಿವೆ. ಆದರೆ ಅದರ ಕಥೆಯ ಒಂದು ಎಳೆ ನಮ್ಮ ಮೈಸೂರು ಸಂಸ್ಥಾನದಲ್ಲೇ ಇದೆಯೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದವರು ಮೈಸೂರಿನ ಮಾಜಿ ದಿವಾನ ಸರ್ ಎಂ. ವಿಶ್ವೇಶ್ವರಯ್ಯ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪು, ಅಮೆರಿಕಗಳಿಗೆ ಹೋಗಿ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದ್ ಅವರಿಗೆ ಜೊತೆಯಾದರು. ಬೆಂಗಳೂರಿನಲ್ಲಿ ಕಾರ್ಖಾನೆ ಹಾಕುವ ಮಾತು ನಡೆಯಿತು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆದರೆ ಬ್ರಿಟಿಷರ ಭಾರತ ಸರ್ಕಾರ ಇದಕ್ಕೆ ಬೆಂಬಲ ಕೊಡಲಿಲ್ಲ. ಬೆಂಗಳೂರಿಗೆ ಕಾರು ಬರಲಿಲ್ಲ, ಬದಲಿಗೆ ವಿಮಾನ ಬಂತು. ಅದೇ ವಾಲಚಂದ್, ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಇಂದಿನ ಎಚ್.ಎ.ಎಲ್. ಎಂದರೆ ಅದೇ. ಕಾರಿನ ಕನಸು ಮಾತ್ರ ಮುಂಬಯಿಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿ, ಅಲ್ಲಿನ ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು.

ಸ್ವಾತಂತ್ರ್ಯದ ನಂತರ, 1953ರಲ್ಲಿ, ಬಿಡಿಭಾಗಗಳನ್ನು ಕ್ರಮೇಣ ಇಲ್ಲೇ ತಯಾರಿಸಲು ಒಪ್ಪಿದವರಿಗೆ ಮಾತ್ರ ಕಾರು ಮಾಡಲು ಅವಕಾಶ ಎಂದು ಸರ್ಕಾರ ಹೇಳಿತು. ಹೊರದೇಶದ ಭಾಗಗಳನ್ನು ತಂದು ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪೆನಿಗಳು ಅಂಗಡಿ ಮುಚ್ಚಿ ಹೊರಟವು. ಪ್ರೀಮಿಯರ್ ಉಳಿಯಿತು. ಇಟಲಿಯ ಫಿಯಟ್ 1100 ಕಾರನ್ನು 1954ರಿಂದ ಇಲ್ಲಿ ಜೋಡಿಸತೊಡಗಿ, ಮುಂದೆ ಒಂದೊಂದೇ ಭಾಗವನ್ನು ಇಲ್ಲಿಯೇ ಮಾಡಲು ಕಲಿಯಿತು. ನಾವು ಪದ್ಮಿನಿಯೆಂದು ಗುರುತಿಸುವ ರೂಪ ಬಂದದ್ದು 1964ರಲ್ಲಿ. ಆಗಲೂ ಅದರ ಹೆಸರು ಫಿಯಟ್ ಎಂದೇ ಇತ್ತು. 1970ರ ದಶಕದ ಆರಂಭದಲ್ಲಿ ಸ್ವಲ್ಪ ಕಾಲ 'ಪ್ರೀಮಿಯರ್ ಪ್ರೆಸಿಡೆಂಟ್' ಆಗಿ, 1974ರಿಂದ 'ಪ್ರೀಮಿಯರ್ ಪದ್ಮಿನಿ' ಆಯಿತು. ಚಿತ್ತೋಡಿನ ರಾಣಿ ಪದ್ಮಿನಿಯ ಹೆಸರದು. ಆ ರಾಣಿಯ ಕಥೆಯನ್ನು 1540ರ ಸುಮಾರಿಗೆ ಅವಧಿ ಭಾಷೆಯ 'ಪದ್ಮಾವತ್' ಕಾವ್ಯದಲ್ಲಿ ಹೇಳಿ ಜನಪ್ರಿಯಗೊಳಿಸಿದವರು ಸೂಫಿ ಕವಿ ಮಲಿಕ್ ಮುಹಮ್ಮದ್ ಜಾಯಸಿ. ಇಟಲಿಯ ವಿನ್ಯಾಸ, ಕುರ್ಲಾದ ಕಾರ್ಮಿಕರ ಕೈ, ಮೈಸೂರಿನ ಎಂಜಿನಿಯರರ ಕನಸು, ಸೂಫಿ ಕವಿಯ ಕಾವ್ಯದ ನಾಯಕಿಯ ಹೆಸರು! ಒಂದು ಕಾರಿನಲ್ಲಿ ಎಷ್ಟೊಂದು ನಂಟುಗಳು ನೋಡಿ.

ಈ ಕಾರು ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಲಾಲ್ ಬಹಾದುರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ 12 ಸಾವಿರ ರೂಪಾಯಿಯ ಫಿಯಟ್ ಕೊಳ್ಳಲು ಬ್ಯಾಂಕಿನಿಂದ 5 ಸಾವಿರ ಸಾಲ ಮಾಡಿದ್ದರು. 1966ರ ಜನವರಿಯಲ್ಲಿ ಅವರು ತಾಷ್ಕೆಂಟ್‌ನಲ್ಲಿ ತೀರಿಕೊಂಡಾಗ ಸಾಲ ಉಳಿದಿತ್ತು. ಪತ್ನಿ ಲಲಿತಾ ಅವರು ತಮಗೆ ಬರುತ್ತಿದ್ದ ಪಿಂಚಣಿಯಲ್ಲೇ ಅದನ್ನು ತೀರಿಸಿದರು. ಆ ಕಾರು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ಕಾರಿನ ಇತಿಹಾಸ ಬರೆಯುವವರು ಎಂಜಿನಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನನಗೆ ಮಾತ್ರ ಆ ಹೆಣ್ಣುಮಗಳು ಕಟ್ಟಿದ ಕಂತುಗಳೇ ದೊಡ್ಡದಾಗಿ ಕಾಣುತ್ತವೆ.

ಇನ್ನು ನಮ್ಮ ಮನೆಯ ಪದ್ಮಿನಿ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಅಬ್ಬಾ ಒಂದು ಶೇಂಗಾ ಎಣ್ಣೆ ಗಿರಣಿಯ ಗುಮಾಸ್ತರು. 1991ರಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ಎರಡು ವರ್ಷದ ನಂತರ ಆಪಾಳನ್ನು ಮೊಳಕಾಲ್ಮೂರಿಗೆ ಮದುವೆ ಮಾಡಿಕೊಟ್ಟೆವು. ದುಲ್ಹಾಭಾಯ್‌ಗೆ ಅಲ್ಲಿ ರೇಷ್ಮೆ ಸೀರೆಯ ಸಣ್ಣ ವ್ಯಾಪಾರ. ತಳಕು, ಬಿ.ಜಿ. ಕೆರೆ ದಾಟಿ ಹಾನಗಲ್ ಬಳಿ ತಿರುಗಿ ಮೊಳಕಾಲ್ಮೂರಿಗೆ ಹೋಗುವ ಆ ದಾರಿಯಲ್ಲಿ ಕಾರು ಎಷ್ಟು ಸಲ ಓಡಾಡಿತೋ! ಗೇರಿನ ಕೋಲು ಸ್ಟೇರಿಂಗಿನ ಪಕ್ಕದಲ್ಲೇ ಇರುವುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದಿತ್ತು. ಸೀಟಿನ ಮೇಲೆ ಚಳ್ಳಕೆರೆ ಸಂತೆಯ ಕಂಬಳಿ. ಮುಂದಿನ ಕಿಟಕಿಯ ತ್ರಿಕೋನದ ಪುಟ್ಟ ಗಾಜನ್ನು ತಿರುಗಿಸಿದರೆ ಗಾಳಿ ನೇರ ಮುಖಕ್ಕೇ ಬರುತ್ತಿತ್ತು.

1996ರಲ್ಲಿ ಆಪಾ ಬಾಣಂತಿ. ಮಗುವಿನೊಂದಿಗೆ ಆಕೆಯನ್ನು ಕರೆತರುತ್ತಿದ್ದೆವು. ಬಿ.ಜಿ. ಕೆರೆಯ ಹತ್ತಿರ ಎದುರಿಗೆ ಕುರಿಮಂದೆ ಅಡ್ಡ ಬಂತು. ಅಬ್ಬಾ ಬ್ರೇಕ್ ಒತ್ತಿದರೆ ಪೆಡಲ್ ಪೂರಾ ಕೆಳಕ್ಕೆ ಹೋಯಿತು! ಅಬ್ಬಾ ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಾರನ್ನು ರಸ್ತೆಯ ಪಕ್ಕದ ಹೊಲಕ್ಕೆ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ, ಅಲ್ಲಾಹನ ದಯೆ. ಮಿಸ್ತ್ರಿ ಬಂದು ಚಕ್ರ ಬಿಚ್ಚಿ ನೋಡಿದರೆ, ತಿಂಗಳ ಹಿಂದೆ ಹಾಕಿಸಿದ್ದ ರಬ್ಬರ್ ಕಪ್ ಉಬ್ಬಿ ಹರಿದು ಬ್ರೇಕ್ ಎಣ್ಣೆಯೆಲ್ಲ ಸೋರಿತ್ತು. ಒರಿಜಿನಲ್ ಎಂದು ಹೇಳಿ ಒಂದು ಅಂಗಡಿಯವರು ನಕಲಿ ಮಾಲು ಕೊಟ್ಟಿದ್ದರು. ಉಳಿದದ್ದು ಕೆಲವೇ ರೂಪಾಯಿ, ಹೋಗುತ್ತಿದ್ದದ್ದು ನಾಲ್ಕು ಜೀವ.

ಅಂದಿನಿಂದ ಅಮ್ಮಿ ಪುಸ್ತಕ ಶುರು ಮಾಡಿದರು. ಕಾರಿಗೆ ಏನು ಹಾಕಿಸಿದರೂ ಹಳೆಯ ಭಾಗವನ್ನು ಮನೆಗೆ ತರಲೇಬೇಕು, ಬಿಲ್ಲು ತರಲೇಬೇಕು. ತಾರೀಖು, ಭಾಗ, ಬೆಲೆ, ಕಂಪೆನಿಯದೋ ಲೋಕಲ್ಲೋ, ಯಾರು ಹಾಕಿದರು, ಎಲ್ಲವನ್ನೂ ಬರೆಯುತ್ತಿದ್ದರು. ನಾಲ್ಕನೇ ತರಗತಿ ಓದಿದ ಅಮ್ಮಿಯ ಅಕ್ಷರದಲ್ಲಿ ಕಾರ್ಬೊರೇಟರ್ 'ಕಾರ್ಬಟ್ರು' ಆಗಿತ್ತು, ರೇಡಿಯೇಟರ್ 'ರೆಡಿಟ್ರು' ಆಗಿತ್ತು. ಆದರೆ ಒಂದು ಲೆಕ್ಕವೂ ತಪ್ಪಿರಲಿಲ್ಲ.

ಆ ಪುಸ್ತಕವನ್ನೇ ಅಂದು ಬೆಂಗಳೂರಿನವರ ಕೈಗೆ ಕೊಡಿಸಿದ್ದು. ಅಬ್ಬಾ ಹೇಳಿದರು: "ಎಂಜಿನ್, ಗೇರ್ ಬಾಕ್ಸ್, ಗ್ರಿಲ್ಲು, ಗಾಜುಗಳು ಕಾರಿನವೇ. ಕಾರ್ಬೊರೇಟರ್ ಬದಲಾಗಿದೆ. ಎಡಗಡೆ ಹಿಂದಿನ ಬಾಗಿಲ ಕೆಳಗೆ ತುಕ್ಕು ಹಿಡಿದಿತ್ತು, ಪುಟ್ಟಿ ತುಂಬಿಸಿದೀವಿ. ಉಳಿದದ್ದೆಲ್ಲ ಇದರಲ್ಲಿದೆ, ಓದಿಕೊಳ್ಳಿ." ಅಯಸ್ಕಾಂತ ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಆ ಜಾಗ ಮಾತ್ರ ಅವರ ಅಯಸ್ಕಾಂತಕ್ಕೆ ತಪ್ಪಿಹೋಗಿತ್ತು. ನಾವು ಹೇಳದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ಮಾರುವ ವಸ್ತುವಿನ ದೋಷವನ್ನು ಮುಚ್ಚಿಡಬಾರದು ಎಂಬುದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕೇಳುವ ಮಾತು. ಆದರೆ ಫೀಸಿನ ದಿನ ಹತ್ತಿರ ಬಂದಾಗ ಅದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಅಂದು ಕಣ್ಣಾರೆ ಕಂಡೆ.

ಅವರು ಮಂಚದ ಮೇಲೆ ಕುಳಿತು ಅರ್ಧ ಗಂಟೆ ಪುಸ್ತಕ ಓದಿದರು. 60 ಸಾವಿರ ಕೊಡಲಿಲ್ಲ. 45 ಸಾವಿರ ಕೊಟ್ಟರು, ಪುಸ್ತಕವನ್ನೂ ಕೇಳಿದರು. "ಕಾರಿನ ಜೊತೆ ಅದರ ಲೆಕ್ಕವೂ ಹೋಗಬೇಕು" ಎಂದು ಅಮ್ಮಿ ಒಪ್ಪಿದರು. ಕಡಿಮೆಯಾದ ಹಣಕ್ಕೆ ಅಮ್ಮಿಯ ಎರಡು ಬಳೆ ಹೋದವು. ತಮ್ಮ ಆ ಪುಸ್ತಕದ ಜೆರಾಕ್ಸ್ ಮಾಡಿಸಿಕೊಂಡಿದ್ದ. ಅದು ಈಗ ನನ್ನ ಬಳಿ ಇದೆ.

ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳು ದಾಟಿವೆ. ಮುಂಬಯಿಯ ರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ಉಳಿದಿದ್ದವುಗಳ ಅವಧಿಯೂ 2023ರ ಅಕ್ಟೋಬರ್‌ಗೆ ಮುಗಿಯಿತು. ಅಬ್ಬಾ ಈಗಿಲ್ಲ. ಆದರೆ ಅಮ್ಮಿಯ ಪುಸ್ತಕದ ಪಾಠ ಹಳೆಯದಾಗಿಲ್ಲ.

ಸಹೋದರಿಯರೇ, ನಮ್ಮ ಮನೆಯಲ್ಲಿ ಕಾರು ಇಲ್ಲದಿರಬಹುದು. ಆದರೆ ಕುಕ್ಕರಿನ ಸೇಫ್ಟಿ ವಾಲ್ವ್ ಇದೆ, ಗ್ಯಾಸಿನ ರೆಗ್ಯುಲೇಟರು ಮತ್ತು ಪೈಪು ಇದೆ, ಮಕ್ಕಳ ಸ್ಕೂಟರಿನ ಬ್ರೇಕ್ ಇದೆ. ಸೀಟಿನ ಹೊದಿಕೆ ಲೋಕಲ್ ಆದರೆ ಚಿಂತೆಯಿಲ್ಲ. ಜೀವಕ್ಕೆ ಸಂಬಂಧಿಸಿದ ಭಾಗವನ್ನು ಮಾತ್ರ ಕಂಪೆನಿಯದೇ ಕೊಳ್ಳಿ, ಬಿಲ್ಲು ಕೇಳಿ, ಹಳೆಯದನ್ನು ಕೇಳಿ ಪಡೆಯಿರಿ. ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ಲೆಕ್ಕ ತಪ್ಪದಿದ್ದರೆ ಸಾಕು.