ಸೊಪ್ಪಿನ ಬೆಟ್ಟವೂ ಸಿಂಗಳೀಕವೂ

ಭಟ್ಕಳದ ಬಳಿಯ ಜಾಲಿಯ ಕಡಲ ದಂಡೆಯಿಂದ ಮೂಡಲಿಗೆ ಕಣ್ಣು ಹಾಯಿಸಿದರೆ ಗದ್ದೆ, ತೋಟ, ಹುಲ್ಲಿನ ಬೇಣಗಳಾಚೆ ಸಹ್ಯಾದ್ರಿಯ ಸಾಲು ಕಾಣುವುದು. ಅದೇ ಸಾಲಿನಲ್ಲಿ, ಹೊನ್ನಾವರ, ಸಿದ್ದಾಪುರ ಮೊದಲಾದ ತಾಲ್ಲೂಕುಗಳ ಕಾಡನ್ನು ಸೇರಿಸಿ, ಸರ್ಕಾರವು 2011ರಲ್ಲಿ ಸುಮಾರು 299 ಚದರ ಕಿಲೋಮೀಟರುಗಳ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲನ್ನು ಏರ್ಪಡಿಸಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿ, ಒಟ್ಟು ಕ್ಷೇತ್ರವು 930 ಚದರ ಕಿಲೋಮೀಟರುಗಳಾಯಿತು.

ಈ ಬದಲಾವಣೆಯು ಕೇವಲ ಹೆಸರಿನದಲ್ಲ. ಸಂರಕ್ಷಣಾ ಮೀಸಲಿನ ಆಡಳಿತ ಸಮಿತಿಯಲ್ಲಿ ಪ್ರತಿಯೊಂದು ಗ್ರಾಮ ಪಂಚಾಯತಿಗೂ ಒಂದು ಸ್ಥಾನವನ್ನು, ವ್ಯವಸಾಯ ಇಲಾಖೆಗೂ ಒಂದು ಸ್ಥಾನವನ್ನು ಕಾನೂನು ವಿಧಿಸಿದೆ. ಅಭಯಾರಣ್ಯದಲ್ಲಾದರೋ ದನಗಳ ಮೇವನ್ನು ನಿಯಂತ್ರಿಸುವ, ಬೇಕಾದರೆ ನಿಷೇಧಿಸುವ ಅಧಿಕಾರವು ಮುಖ್ಯ ವನ್ಯಜೀವಿ ಪರಿಪಾಲಕರದು. ಆದುದರಿಂದ ರೈತರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ.

ಆದರೂ ಸಿಂಗಳೀಕದ ಅಳಿವು ಉಳಿವು ಬಹುಮಟ್ಟಿಗೆ ಅಂಚಿನ ಹಳ್ಳಿಗಳ ಜಮೀನುದಾರರ ಕೈಯಲ್ಲೇ ಇದೆಯೆಂಬುದನ್ನು ಮರೆಯಲಾಗದು. ಈ ಪ್ರಾಣಿಯು ನೆಲಕ್ಕಿಳಿಯುವುದು ವಿರಳ. ಕೊಂಬೆಯಿಂದ ಕೊಂಬೆಗೆ ಹೋಗುವುದೇ ಅದರ ಸಂಚಾರ. ಅಡಕೆ ತೋಟದ ಗೊಬ್ಬರಕ್ಕೆಂದು ಬಿಟ್ಟ ಸೊಪ್ಪಿನ ಬೆಟ್ಟವು ಘಟ್ಟದ ಮೇಲೆ ಎಕರೆಗೆ ಒಂಬತ್ತು ಎಕರೆಯವರೆಗೂ ಉಂಟು. ಅಲ್ಲಿನ ಮರಗಳನ್ನು ತುದಿಯವರೆಗೆ ಸವರಿ ಕಂಬಗಳಂತೆ ನಿಲ್ಲಿಸಿದರೆ, ಒಂದು ಕಾಡಿನ ಗುಂಪು ಮತ್ತೊಂದನ್ನು ಸೇರಲಾರದು. ತಲೆಯ ಕೊಂಬೆಗಳನ್ನು ಬಿಟ್ಟು ಕೆಳಗಿನವನ್ನು ಮಾತ್ರ ಸರದಿಯಂತೆ ಕಡಿದರೆ ಸೊಪ್ಪೂ ದೊರೆಯುವುದು, ಮರವೂ ಉಳಿಯುವುದು, ತೋಟದ ಕೆಳಗಿನ ಒರತೆಯೂ ಬತ್ತದು. ಹಿರಿಯರು ಹೀಗೆಯೇ ಮಾಡುತ್ತಿದ್ದರೆಂದು ಹೇಳುವವರು ಅನೇಕರು. ಹಾಗೆ ಹೇಳುವವರ ಬೆಟ್ಟವೇ ಬೋಳಾಗಿರುವುದೂ ಉಂಟು.

ಉಪ್ಪಾಗೆಯ ವಿಷಯವು ಇದಕ್ಕಿಂತ ಕಠಿಣ. ಅದು ಸಿಂಗಳೀಕಕ್ಕೆ ಆಹಾರ, ಬಡವನಿಗೆ ಮಳೆಗಾಲದ ಕಾಸು. ಸಿಪ್ಪೆಗೆ ಬೆಲೆ ಬಂದಾಗ ಪೈಪೋಟಿಯಿಂದ ಕಾಯಿ ಬಲಿಯುವ ಮೊದಲೇ ಕೊಂಬೆ ಸಹಿತ ಕೆಡಹುತ್ತಾರೆ. ಬಿಸಿಲಿಲ್ಲದ ದಿನಗಳಲ್ಲಿ ಅದನ್ನು ಒಣಗಿಸಲು ರಾಶಿ ರಾಶಿ ಸೌದೆಯೂ ಬೇಕು. ಯಾರೊಬ್ಬನು ತಡೆದುಕೊಂಡರೂ ನೆರೆಯವನು ಕೊಯ್ಯುವನೆಂಬ ಭಯವೇ ಇದರ ಮೂಲ. ಆದುದರಿಂದ ಕೊಯ್ಲು ಆರಂಭಿಸುವ ದಿನವನ್ನು ಊರಿನ ಮುಖಂಡರು ಸಭೆ ಸೇರಿಸಿ ಗೊತ್ತುಪಡಿಸಬೇಕು. ಪ್ರತಿ ಮರದಲ್ಲಿ ಒಂದು ಪಾಲು ಹಣ್ಣನ್ನು ಬಿಡುವ ಕಟ್ಟಳೆಯೂ ಆಗಬೇಕು. ಹಣ್ಣು ಮಾಗುವುದು ಮಳೆ ಹಿಡಿದ ಮೇಲೆ. ಸಭೆಯು ವೈಶಾಖದಲ್ಲೇ ನಡೆಯುವುದು ಯುಕ್ತ.