ಹೊರಗಿನ ಬೋರ್ಡು ಸರಿ, ಒಳಗಿನ ಬೋರ್ಡು ಎಲ್ಲಿ?

ಹನುಮನಹಳ್ಳಿ: ಅಂಜನಾದ್ರಿ ಬೆಟ್ಟದ ಕಡೆಗೆ ಹೋಗುವ ರಸ್ತೆಗುಂಟ ಈಗ ಬೋರ್ಡುಗಳಿಗೆ ಬರವಿಲ್ಲ. ಹೋಂಸ್ಟೇ, ರೆಸಾರ್ಟ್, ಕೆಫೆ, ಬಾಡಿಗೆ ಬೈಕು – ಕಣ್ಣು ಹಾಯಿಸಿದಲ್ಲೆಲ್ಲ ಹೆಸರು, ಬಾಣದ ಗುರುತು, ಫೋನ್ ನಂಬರು. ರೂಮಿಗೆ ಎಷ್ಟು, ಊಟಕ್ಕೆ ಏನು ಎಂಬುದು ಗಿರಾಕಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಅದೇ ರೂಮು ಗುಡಿಸುವ ಹೆಣ್ಣುಮಗಳಿಗೆ, ಒಲೆಯ ಮುಂದೆ ಬೆವರು ಸುರಿಸುವ ಅಡಿಗೆಯವನಿಗೆ ಸರ್ಕಾರ ಗೊತ್ತುಮಾಡಿದ ಪಗಾರ ಎಷ್ಟು? ಅದನ್ನು ಹೇಳುವ ಬೋರ್ಡು ಎಲ್ಲೈತಿ?

ಇದು ಸಾಹುಕಾರರು ದೊಡ್ಡ ಮನಸ್ಸು ಮಾಡಿ ಕೊಡಬೇಕಾದ ಸವಲತ್ತಲ್ಲ, ಕಾಯ್ದೆಯ ಮಾತು. ದುಡಿಯುವವರ ಕಣ್ಣಿಗೆ ಬೀಳುವಂತೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಪ್ರಕಟಣೆ ಹಚ್ಚಬೇಕೆಂಬುದು 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು. ಆಗ ಈ ಸೀಮೆ ನಿಜಾಮರದು, ಆ ಕಾಯ್ದೆ ಇಲ್ಲಿಗೆ ಬಂದದ್ದು ಸ್ವಾತಂತ್ರ್ಯದ ನಂತರ. ಮುಂದೆ 1948ರ ಕನಿಷ್ಠ ವೇತನ ಕಾಯ್ದೆ ಬಂತು. 2025ರ ನವೆಂಬರ್ 21ರಿಂದ ಇವೆರಡರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಕಾಯ್ದೆ ಬದಲಾದರೂ ಬೋರ್ಡು ತಪ್ಪಿಲ್ಲ.

ಬೋರ್ಡಿನಲ್ಲಿ ಏನಿರಬೇಕು?

ಸಂಹಿತೆಯ 50ನೇ ಕಲಮು ಸ್ಪಷ್ಟವಾಗಿದೆ. ಕಾಯ್ದೆಯ ಸಾರಾಂಶ, ಯಾವ ಕೆಲಸಕ್ಕೆ ಎಷ್ಟು ಪಗಾರ, ದಿನಕ್ಕೋ ವಾರಕ್ಕೋ ತಿಂಗಳಿಗೋ, ಯಾವ ತಾರೀಖು ಎಷ್ಟು ಹೊತ್ತಿಗೆ ಬಟವಾಡೆ, ಆ ಭಾಗದ ಇನ್‌ಸ್ಪೆಕ್ಟರ ಹೆಸರು, ವಿಳಾಸ – ಇಷ್ಟನ್ನೂ ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ಹೊಲಗದ್ದೆಗೆ ಅಥವಾ ಮನೆಗೆಲಸಕ್ಕೆ ಐದು ಮಂದಿಯೊಳಗೆ ಇಟ್ಟುಕೊಂಡವರಿಗೆ ಮಾತ್ರ ವಿನಾಯಿತಿ. ಅದೂ ಬೋರ್ಡು, ರಿಜಿಸ್ಟರು, ಪಗಾರ ಚೀಟಿಗೆ ಅಷ್ಟೇ, ಕನಿಷ್ಠ ಪಗಾರಕ್ಕಲ್ಲ. ಹತ್ತು ಮಂದಿಗಿಂತ ಕಡಿಮೆಯಿಲ್ಲದ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು, ಅದನ್ನು ನೇಮಿಸಿದ ಆದೇಶ ಗೋಡೆಯ ಮೇಲಿರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ತಪ್ಪಿದರೆ 50,000 ರೂಪಾಯಿವರೆಗೆ ದಂಡ.

ರಾಜ್ಯ ಸರ್ಕಾರ ಪ್ರತಿ ವರ್ಷ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಬದಲಿಸುತ್ತದೆ. ಹೀಗಾಗಿ ಎಂದೋ ಬರೆಸಿದ ಬೋರ್ಡು ಬಣ್ಣ ಹೋಗುವ ಮೊದಲೇ ಸುಳ್ಳಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಅಂಕಿ ತಿದ್ದಲೇಬೇಕು.

"ನಾವೆಲ್ಲ ಒಂದೇ ಮನಿ ಮಂದಿ ಇದ್ದಂಗ, ನಮ್ಮೊಳಗ ಬೋರ್ಡ್ ಯಾಕ್ರೀ?" ಎನ್ನುವ ಮಾಲೀಕರು ಎಲ್ಲ ಊರಿನಲ್ಲೂ ಇದ್ದಾರೆ. ಮನೆ ಮಂದಿಯಾದರೆ ಲೆಕ್ಕ ತೋರಿಸಲು ಅಂಜಿಕೆ ಯಾಕೆ ಎಂಬುದೇ ಅದಕ್ಕೆ ಉತ್ತರ. ಓದು ಬರದವರಿಗೆ ಬೋರ್ಡಿನಿಂದ ಏನು ಉಪಯೋಗ ಎನ್ನುವವರೂ ಇದ್ದಾರೆ. ಒಬ್ಬ ಓದಿದರೆ ಸಾಕು, ಸಂಜೆಯೊಳಗೆ ಹತ್ತು ಮಂದಿಗೆ ಗೊತ್ತಾಗುತ್ತದೆ.

ಸೀಜನ್ ಮುಗಿದ ಮೇಲೆ

ಇಲ್ಲಿಯ ದುಡಿಮೆ ಸೀಜನ್ ನಂಬಿದ್ದು. ಚಳಿಗಾಲದಲ್ಲಿ ಕೈಗೆ ಬಿಡುವಿಲ್ಲ, ಬಿಸಿಲು ಏರಿದಂತೆ "ಮುಂದಿನ ಸೀಜನ್‌ಗೆ ಬಾ" ಎಂಬ ಮಾತು. ಹೀಗೆ ಕೆಲಸದಿಂದ ತೆಗೆದವನ ಲೆಕ್ಕವನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ತಿಂಗಳ ಪಗಾರವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಹೆಚ್ಚುವರಿ ಹೊತ್ತು ದುಡಿಸಿದರೆ ದುಪ್ಪಟ್ಟು. ಖೋಲಿ ಕೊಟ್ಟೆ, ಮುಂಗಡ ಕೊಟ್ಟೆ ಎಂದು ಏನೇ ಮುರಿದರೂ ಒಟ್ಟು ಕಡಿತ ಪಗಾರದ ಅರ್ಧ ದಾಟಬಾರದು. ಬಾಕಿ ಕೇಳಲು ಮೂರು ವರ್ಷ ಅವಕಾಶವಿದೆ. ಕೊಟ್ಟಿದ್ದೇನೆ ಎಂದು ರುಜುವಾತು ಮಾಡಬೇಕಾದವನು ಮಾಲೀಕನೇ, ಕೂಲಿಕಾರನಲ್ಲ. ಇಷ್ಟು ಹಕ್ಕು ಇದ್ದೂ ಗೊತ್ತಿಲ್ಲದಿದ್ದರೆ ಇದ್ದೇನು ಬಂತು?

ಈ ಭಾಗಕ್ಕೆ ಇನ್ನೊಂದು ತೊಡಕೂ ಉಂಟು. ವಿರುಪಾಪುರ ಗಡ್ಡೆಯ ಅಕ್ರಮ ಕಟ್ಟಡಗಳ ಮೇಲೆ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿ ಬಂದವು. ಕಟ್ಟಡದ ಜೊತೆಗೇ ಅಲ್ಲಿ ದುಡಿಯುತ್ತಿದ್ದವರ ಅನ್ನವೂ ಹೋಯಿತು. ವ್ಯಾಪಾರ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ಕಡೆ ಸರಿಯಿತು. ಪರವಾನಗಿಯ ತಕರಾರು ಇಲ್ಲೂ ಮತ್ತೆ ಮತ್ತೆ ಏಳುತ್ತದೆ. ಪರವಾನಗಿಯೇ ಇಲ್ಲದವನು ಇನ್‌ಸ್ಪೆಕ್ಟರ ಹೆಸರನ್ನು ಗೋಡೆಗೆ ಬರೆಸಿಯಾನೆ? ದೂರು ಕೊಟ್ಟರೆ ರೆಸಾರ್ಟೇ ಮುಚ್ಚೀತು, ಇದ್ದ ಕೆಲಸವೂ ಹೋದೀತು ಎಂಬ ಭಯ ಆಳಿಗೂ ಇರುತ್ತದೆ. ಆದರೆ ಪಗಾರದ ಹಕ್ಕು ಮಾಲೀಕನ ಪರವಾನಗಿಗೆ ಗಂಟು ಬಿದ್ದಿಲ್ಲ. ವ್ಯಾಪಾರ ನಡೆಯುವ ಜಾಗ ಎಲ್ಲವೂ ಸಂಹಿತೆಯ ಲೆಕ್ಕದಲ್ಲಿ ಬರುತ್ತದೆ.

ಹಾಗೆಂದು ಹೊಸ ಕಾಯ್ದೆ ಬಿಗಿಯಾಗಿದೆ ಎನ್ನುವಂತಿಲ್ಲ. ಬೋರ್ಡು ಇಲ್ಲವೆಂದು ಅಧಿಕಾರಿ ಒಮ್ಮೆಲೇ ಕೇಸು ಹಾಕುವ ಹಾಗಿಲ್ಲ. ಮೊದಲು ತಿದ್ದಿಕೊಳ್ಳಲು ಬರಹದಲ್ಲಿ ಗಡುವು ಕೊಡಬೇಕು. ಗಡುವು ಕೊಡಲಿಕ್ಕಾದರೂ ಅವರು ಗಂಗಾವತಿಯಿಂದ ಇತ್ತ ಬರಬೇಕಲ್ಲ!

ನಾಮಫಲಕದಲ್ಲಿ ಶೇ. 60 ಕನ್ನಡವಿರಬೇಕೆಂದು 2024ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ಬಿಗಿ ಮಾಡಿತು. ಒಳ್ಳೆಯದೇ. ಹೊರಗಿನ ಬೋರ್ಡಿನಲ್ಲಿ ಕನ್ನಡ ಅಳೆಯಲು ಬರುವವರು ನಾಲ್ಕು ಹೆಜ್ಜೆ ಒಳಗೆ ಹೋಗಿ ಪಗಾರದ ಬೋರ್ಡನ್ನೂ ನೋಡಲಿ. ಗ್ರಾಮ ಪಂಚಾಯತಿಯವರೂ ಲೈಸೆನ್ಸಿಗೆ ಬಂದವರನ್ನು ಇದೊಂದು ಮಾತು ಕೇಳಲಿ. ಗಿರಾಕಿಗೆ ದರಪಟ್ಟಿ ತೋರಿಸುವವರಿಗೆ ದುಡಿಯುವವರ ದರಪಟ್ಟಿ ಭಾರವಾಗದು. ಒಂದು ಹಾಳೆ, ನಾಲ್ಕು ಮೊಳೆ. ಇದಕ್ಕೆ ಯಾವ ಸಬ್ಸಿಡಿಯೂ ಬೇಕಾಗಿಲ್ಲ.